ಅಕ್ಕನಿಗೆ ಆದದ್ದಕ್ಕೆ ಇಂಗ್ಲಿಷ್ ಮಾತು

ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಾಗ ಇಪ್ಪತ್ತಮೂರು ವರ್ಷ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಂಟನೇ ಇಯತ್ತೆಗೆ ಬಂದ ಮೇಲೆ ಮೊದಲ ಸಲ ಎ ಬಿ ಸಿ ಕಂಡ ಪೀಳಿಗೆ ನಮ್ಮದು. ಹಾಗಾಗಿ ಇಂಗ್ಲಿಷ್ ಬಂದವನೆಂದರೆ ಊರಲ್ಲಿ ಒಂದು ತೂಕ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನನ್ನದು ಅರ್ಧ ಕೊಡ, ಸದಾ ತುಳುಕುತ್ತಿತ್ತು. ಸವಣೂರಿನ ನಮ್ಮ ಮನೆಯಿಂದ ಸೋಮವಾರ ಬೆಳಿಗ್ಗೆ ಶಿಗ್ಗಾಂವಿಗೆ ಹೋಗುವಾಗ ಬಗಲಲ್ಲಿ ಡಿಕ್ಷನರಿ ಇಟ್ಟುಕೊಂಡಿರುತ್ತಿದ್ದೆ. ಓದಲಿಕ್ಕಲ್ಲ, ಬಸ್ಸಿನವರು ನೋಡಲಿ ಅಂತ.

ಮ್ಯಾಟ್ರಿಕ್ ವರ್ಗಕ್ಕೆ ಒಂದು ಮಧ್ಯಾಹ್ನ ನೋವಿನ ಕ್ರಿಯಾಪದಗಳನ್ನು ಕಲಿಸಿದೆ. ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ಪ್ರತಿಯೊಂದಕ್ಕೂ ನನ್ನದೇ ಕಾಯ್ದೆ ಮಾಡಿದೆ. ಆಯುಧ ತಾಗಿ ರಕ್ತ ಬಂದರೆ ವೂಂಡ್. ಬಿದ್ದು ಕೈಕಾಲು ಊನವಾದರೆ ಇಂಜೂರ್. ಮೈಗೋ ಮನಸ್ಸಿಗೋ ನೋವಾದರೆ ಹರ್ಟ್. ಇವತ್ತು ಕಾಣದೆ ನಾಳೆ ಕೆಡುಕಾಗುವುದಿದ್ದರೆ ಹಾರ್ಮ್. ನೊಣ ಮತ್ತೆ ಮತ್ತೆ ಮುಖದ ಮೇಲೆ ಕೂತರೆ ಅನಾಯ್. ಬಿಡದೆ ಕಾಡಿದರೆ ಟಾರ್ಮೆಂಟ್. ನಾಲ್ಕು ಜನರ ಮುಂದೆ ಮಾನ ತೆಗೆದರೆ ಇನ್ಸಲ್ಟ್. ಎಲ್ಲ ಎಷ್ಟು ಸರಳ ಅನ್ನಿಸಿ ನನಗೇ ಖುಷಿಯಾಯಿತು.

ಹುಲಗೂರಿನ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ತಮ್ಮ ಮನೆಯ ಎತ್ತು ತಮ್ಮಪ್ಪನನ್ನು ಇನ್ಸಲ್ಟ್ ಮಾಡಿತು ಎಂದು ವಾಕ್ಯ ಹೇಳಿದ. ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ. ಎತ್ತು ಒದ್ದರೆ ಅದು ಇಂಜೂರ್ ಆಗುತ್ತದೆ, ಇನ್ಸಲ್ಟ್ ಅಲ್ಲ ಎಂದೆ.

"ಒದ್ದಿಲ್ರಿ ಸರ," ಅಂದ ಅವನು. "ಸಂತ್ಯಾಗ ಎಲ್ಲಾರ ಮುಂದ ನಮ್ಮಪ್ಪ ಹೆಸರು ಹಿಡದು ಕರದ್ರ ಅದು ಹೊಳ್ಳಿ ಸುದ್ದಾ ನೋಡ್ಲಿಲ್ರಿ."

ಕೂಡಿಸಿಬಿಟ್ಟೆ ಅವನನ್ನು. ಎತ್ತಿಗೆ ಮಾನ-ಅವಮಾನ ಎಲ್ಲಿಂದ ಬಂತು ಅಂತ ಗದರಿಸಿದೆ. ಗದರಿಸುವುದು ನನಗೆ ಮೊದಲಿನಿಂದಲೂ ಸಲೀಸು, ಗೊತ್ತಿಲ್ಲದಾಗಂತೂ ಇನ್ನೂ ಸಲೀಸು.

ಆ ಶನಿವಾರ ಮನೆಗೆ ಬಂದರೆ ಅಕ್ಕ ಪಡಸಾಲೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಅವಳ ಟ್ರಂಕು. ಪಂಚಮಿಗೆ ಇನ್ನೂ ಎರಡು ತಿಂಗಳಿತ್ತು. ಹಬ್ಬವಿಲ್ಲದೆ, ಬಾಣಂತನವಿಲ್ಲದೆ ಕೊಟ್ಟ ಹೆಣ್ಣುಮಗಳು ಟ್ರಂಕು ಹಿಡಿದು ಬಂದಳೆಂದರೆ ಕಾರಣ ಕೇಳುವ ಧೈರ್ಯ ಯಾರಿಗೂ ಬೇಗ ಬರುವುದಿಲ್ಲ. ಅವ್ವ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಏಳು ವರ್ಷದ ಹಿಂದೆ ಹಿರೇಕೆರೂರಿನ ಒಕ್ಕಲುತನದ ಮನೆಗೆ ಕೊಟ್ಟಿದ್ದೆವು. ಹತ್ತಿಯ ಹೊಲ, ಎರಡು ಜೋಡಿ ಎತ್ತು, ಅತ್ತೆ, ಗಂಡ, ಅಷ್ಟೇ ಮಂದಿ. ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಊರಲ್ಲಿ ಒಬ್ಬರ ಬಾಯಲ್ಲೂ ಕೆಟ್ಟ ಮಾತಿಲ್ಲ. ನಮ್ಮಪ್ಪ ಆ ಅಳಿಯನ ಬಗ್ಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

"ಇನ್ನ ಆ ಮನಿಗೆ ಹೋಗಂಗಿಲ್ಲ," ಅಂದಳು ಅಕ್ಕ. ಅಳಲಿಲ್ಲ. ಅತ್ತಿದ್ದರೆ ನಮಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು.

ಸೋಮವಾರ ನಾನು ಶಿಗ್ಗಾಂವಿಯಲ್ಲಿ ಪರಿಚಯದ ವಕೀಲರೊಬ್ಬರನ್ನು ಕಂಡೆ. ಕಾಯ್ದೆ ಈಗ ಬದಲಾಗಿದೆ, ಹೆಂಡತಿಯೂ ಬೇರೆ ಇರಲು ಅರ್ಜಿ ಹಾಕಬಹುದು ಎಂದು ಅವರು ಹೇಳಿದರು. ಆದರೆ ಗಂಡ ಕ್ರೂರವಾಗಿ ನಡೆದುಕೊಂಡನೆಂದು ತೋರಿಸಬೇಕು, ಅವನ ಜೊತೆ ಬಾಳಿದರೆ ಹಾರ್ಮ್ ಆಗುತ್ತದೆ, ಇಂಜುರಿ ಆಗುತ್ತದೆ ಎಂದು ಕೋರ್ಟಿಗೆ ಅನ್ನಿಸಬೇಕು. "ನೀವು ಇಂಗ್ಲಿಷ್ ಮಾಸ್ತರ ಇದ್ದೀರಿ. ಆಗಿದ್ದೆಲ್ಲಾ ಇಂಗ್ಲಿಷಿನ್ಯಾಗ ಎರಡು ಹಾಳಿ ಬರಕೊಂಡು ಬರ್ರಿ. ಅದಕ್ಕ ಕಾಯ್ದೆದ ಅಂಗಿ ನಾ ತೊಡಸ್ತೇನಿ," ಎಂದರು. ನನಗೆ ಕೋಡು ಮೂಡಿತು. ಹಾರ್ಮ್, ಇಂಜೂರ್ ಎರಡೂ ನಾನೇ ಬೋರ್ಡಿನ ಮೇಲೆ ಬರೆದು ವ್ಯತ್ಯಾಸ ಹೇಳಿಕೊಟ್ಟ ಮಾತುಗಳು.

ಮುಂದಿನ ಭಾನುವಾರ ಡಿಕ್ಷನರಿ, ಶಾಯಿಯ ದೌತಿ, ಹಾಳೆ ಇಟ್ಟುಕೊಂಡು ಅಕ್ಕನ ಎದುರು ಕೂತೆ. ಅಪ್ಪ ಕಟ್ಟೆಯ ಮೇಲೆ ತೋಟದ ವೀಳ್ಯದೆಲೆಗಳನ್ನು ಕಟ್ಟು ಕಟ್ಟುತ್ತಿದ್ದ. ಸವಣೂರಿನ ಎಲೆ ತೋಟದಲ್ಲಿ ಒಂದು ತುಣುಕು ನಮ್ಮದು. ಅದರ ದುಡ್ಡೇ ನನ್ನ ಓದಿಗೆ ಆದದ್ದು, ಅದೇ ಅಕ್ಕನ ಮದುವೆಗೆ ಆದದ್ದು.

"ಅವ್ರು ಏನ್ ಮಾಡಿದ್ರು, ಮೊದಲಿಂದ ಹೇಳ," ಎಂದೆ.

"ಏನೂ ಮಾಡಿಲ್ಲ."

"ಹೊಡದ್ರೇನು?"

"ಇಲ್ಲ."

"ಬೈದ್ರೇನು?"

"ಬೈಯಾಕ ಮಾತಾಡಬೇಕಲ್ಲೋ ತಮ್ಮಾ."

ನನಗೆ ರೇಗಿತು. ಏನೂ ಮಾಡದವನ ಮನೆ ಬಿಟ್ಟು ಯಾಕೆ ಬಂದೆ ಅಂತ ಜೋರು ಮಾಡಿದೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಧಾನವಾಗಿ ಹೇಳತೊಡಗಿದಳು. ಏಳು ವರ್ಷದಲ್ಲಿ ಅವರು ಅವಳ ಜೊತೆ ನೇರವಾಗಿ ಒಂದು ಮಾತು ಆಡಿರಲಿಲ್ಲ. ನೀರು ಬೇಕಾದರೆ "ಅವ್ವಾ, ಅಕಿಗೆ ನೀರು ಇಡಂತ ಹೇಳ" ಎಂದು ತಾಯಿಗೆ ಹೇಳುತ್ತಿದ್ದರು, ಅಕ್ಕ ಎರಡು ಮಾರು ದೂರದಲ್ಲಿ ನಿಂತಿದ್ದರೂ. ವರ್ಷಕ್ಕೆ ಎರಡು ಸೀರೆ ತಪ್ಪದೆ ತರುತ್ತಿದ್ದರು. ಜ್ವರ ಬಂದರೆ ಡಾಕ್ಟರನ್ನು ಕರೆಸುತ್ತಿದ್ದರು. ಯಾಕೆ ಹೀಗೆ ಎಂದು ಅವಳು ಒಮ್ಮೆ ಕಾಲು ಹಿಡಿದು ಕೇಳಿದಾಗ ಕಾಲನ್ನು ಬಿಡಿಸಿಕೊಂಡು ಹೊಲಕ್ಕೆ ಹೋಗಿದ್ದರು. ಅಷ್ಟೇ. ಯಾಕೆ ಅನ್ನುವುದು ಅವಳಿಗೆ ಗೊತ್ತಾಗಲಿಲ್ಲ. ನಮಗೆ ಯಾರಿಗೂ ಗೊತ್ತಾಗಲಿಲ್ಲ, ಇಂದಿಗೂ ಗೊತ್ತಿಲ್ಲ.

ನಾನು ಬರೆದೆ, ಹೊಡೆದುಹಾಕಿದೆ. ಹರ್ಟ್ ಎಂದು ಬರೆದರೆ ಮುಳ್ಳು ಚುಚ್ಚಿದಷ್ಟು ಸಣ್ಣದಾಗಿ ಕಂಡಿತು. ಇಂಜೂರ್ ಎನ್ನಲು ಮೈಮೇಲೆ ಒಂದು ಗೀರೂ ಇಲ್ಲ. ಟಾರ್ಮೆಂಟ್ ಎನ್ನೋಣವೆಂದರೆ ಅದಕ್ಕೆ ಬಿಡದೆ ಬೆನ್ನು ಹತ್ತಬೇಕು, ಈ ಮನುಷ್ಯ ಹತ್ತಿರವೇ ಬಂದಿಲ್ಲ. ನೆಗ್ಲೆಕ್ಟ್ ಎಂದರೆ ಅನ್ನ ಬಟ್ಟೆ ಕೊಡದಿದ್ದವರಿಗೆ ಸಲ್ಲುವ ಮಾತು. ಇನ್ಸಲ್ಟ್ ಎನ್ನಲು ನಾಲ್ಕು ಜನ ಬೇಕು, ಇಲ್ಲಿ ಇದ್ದವರು ಮೂರೇ ಜನ, ಅದರಲ್ಲಿ ಒಬ್ಬಳು ಇವಳೇ. ಡಿಕ್ಷನರಿಯ ಹಾಳೆ ತಿರುವಿ ತಿರುವಿ ಬೆರಳು ಕಪ್ಪಾಯಿತು. ಒಂದು ಶಬ್ದದ ಅರ್ಥಕ್ಕೆ ಇನ್ನೊಂದು ಶಬ್ದ ನೋಡು ಅನ್ನುತ್ತದೆ, ಅಲ್ಲಿ ಹೋದರೆ ಮತ್ತೆ ಮೊದಲಿನದ್ದನ್ನೇ ನೋಡು ಅನ್ನುತ್ತದೆ. ತಲೆ ಗಿರ್ರೆಂದು ತಿರುಗತೊಡಗಿತು.

"ಇಷ್ಟ ಆದ್ರ ಕೋರ್ಟ್ ಕೇಳಂಗಿಲ್ಲಕ್ಕ. ಮತ್ತೇನರ ಇದ್ರ ಹೇಳ."

ಅವಳು ಅಪ್ಪನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನನ್ನ ಕೈಲೆ ಎಲಿ ತಗೊಳ್ಳಂಗಿಲ್ಲ."

ನಮ್ಮ ಕಡೆ ಊಟವಾದ ಮೇಲೆ ಗಂಡನಿಗೆ ಎಲೆ ಮಡಿಚಿ ಕೊಡುವವಳು ಹೆಂಡತಿ. ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ, ಬಿಚ್ಚದಂತೆ ಲವಂಗ ಚುಚ್ಚಿ ಕೈಯಲ್ಲಿ ಕೊಡುತ್ತಾಳೆ. ಎಷ್ಟೇ ಜಗಳವಿರಲಿ, ಗಂಡ ಆ ಎಲೆ ತೆಗೆದುಕೊಂಡರೆ ಜಗಳ ಅಲ್ಲಿಗೆ ಮುಗಿಯಿತು. ತೆಗೆದುಕೊಳ್ಳಲಿಲ್ಲವೆಂದರೆ ನೀನು ನನ್ನ ಹೆಂಡತಿಯಲ್ಲ ಎಂದ ಹಾಗೆ. ಅಂಥ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆಡುವ ಅಗತ್ಯವೂ ಇಲ್ಲ. ಅಕ್ಕ ಏಳು ವರ್ಷ ದಿನಕ್ಕೆ ಎರಡು ಸಲ ಎಲೆ ಮಡಿಚಿ ಕೈ ಚಾಚಿದ್ದಳು. ಅವರು ತಮ್ಮ ಎಲೆಯಡಿಕೆಯ ಚಂಚಿ ಬಿಚ್ಚಿ, ತಾವೇ ಸಂತೆಯಿಂದ ತಂದ ಎಲೆಯನ್ನು ತಾವೇ ಮಡಿಚಿಕೊಂಡಿದ್ದರು.

ಕಟ್ಟೆಯ ಮೇಲೆ ಅಪ್ಪನ ಕೈ ನಿಂತಿತು. "ನಮ್ಮ ತ್ವಾಟದ ಎಲಿ?" ಎಂದು ಕೇಳಿದ.

"ಹೂಂ."

ಅಪ್ಪ ವಾರಕ್ಕೊಮ್ಮೆ ಆಯ್ದ ಎಲೆಗಳ ಕಟ್ಟನ್ನು ಹಿರೇಕೆರೂರಿನ ಬಸ್ಸಿಗೆ ಹಾಕುತ್ತಿದ್ದ, ಮಗಳ ಕೈಯಿಂದ ಅಳಿಯ ತಿನ್ನಲಿ ಅಂತ. ಅವನು ಎದ್ದು ತೋಟದ ಕಡೆ ಹೋದ.

ನಾನು ಎಲೆಯ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದೆ. ಬರೆದು ಓದಿಕೊಂಡರೆ, ಯಾರೋ ಒಬ್ಬ ಸಭ್ಯ ಮನುಷ್ಯ ಊಟವಾದ ಮೇಲೆ ತನಗೆ ಎಲೆ ಬೇಡ ಎಂದ ಹಾಗಿತ್ತು. ವಕೀಲರು ಅದನ್ನು ಓದಿ ಕನ್ನಡಕ ತೆಗೆದರು. "ಮಾಸ್ತರ, ನನಗ ತಿಳೀತದ. ನಮ್ಮ ಮನ್ಯಾಗ ಹಿಂಗಾಗಿದ್ರ ನಾ ಬಾವಿಗೆ ಬೀಳ್ತಿದ್ದೆ. ಆದ್ರ ಕೋರ್ಟಿನ್ಯಾಗ ಇದನ್ನ ಓದಿದ್ರ ಜಡ್ಜ ನಗ್ತಾರ. ಎರಡು ಸರ್ತಿ ಹೊಡದಾನ ಅಂತ ಸೇರಸ್ರಿ, ಉಳಿದದ್ದು ನಾ ನೋಡ್ಕೋತೇನಿ," ಎಂದರು.

ನನಗೇನೂ ಅಡ್ಡಿಯಿರಲಿಲ್ಲ. ಅಕ್ಕ ಮಾತ್ರ ಒಪ್ಪಲಿಲ್ಲ. "ಅವ್ರು ಕೈ ಎತ್ತಿಲ್ಲ. ಮಾಡಿದ್ದನ್ನ ಬಿಟ್ಟು ಮಾಡ್ಲಾರದ್ದು ಯಾಕ ಬರೀತಿ?" ಎಂದಳು. ನಾನು ಸಿಟ್ಟಿನಿಂದ ಹಾಳೆ ಹರಿದೆ. ಯಾರ ಮೇಲೆ ಸಿಟ್ಟು ಬಂತೋ ಈಗಲೂ ಬಗೆಹರಿದಿಲ್ಲ, ಅಕ್ಕನ ಮೇಲೋ, ಕೋರ್ಟಿನ ಮೇಲೋ, ಇಂಗ್ಲಿಷಿನ ಮೇಲೋ.

ಅಪ್ಪ ಹಿರಿಯರನ್ನು ಕೂಡಿಸಿದ. "ಕೋರ್ಟಿಗೆ ತಿಳೀಲಿಕ್ಕಿಲ್ಲ, ನಮ್ಮವರಿಗೆ ತಿಳೀತದ," ಅಂದ. ಎರಡೂ ಊರಿಗೆ ಸಮ ದೂರವಾಗಲಿ ಅಂತ ಹಾನಗಲ್ಲಿನಲ್ಲಿ ಅವ್ವನ ಅಣ್ಣನ ಮನೆಯಲ್ಲಿ ಸಭೆ ಗೊತ್ತಾಯಿತು. ಅಕ್ಕನಿಗೆ ಬೇಕಿದ್ದದ್ದು ಒಂದೇ, ತಿರುಗಿ ಆ ಮನೆಗೆ ಹೋಗದಿರುವುದು. ಹಿರಿಯರು ಹೂಂ ಅಂದರೆ ಅವಳು ಸವಣೂರಲ್ಲಿ ಉಳಿಯಬಹುದಿತ್ತು. ಒಂದು ಹೊಲಿಗೆ ಮಷೀನು ಕೊಡಿಸು, ನಿನಗೆ ಭಾರವಾಗುವುದಿಲ್ಲ ಎಂದು ನನಗೆ ಹೇಳಿದ್ದಳು. ಕೊಡಿಸುತ್ತೇನೆ ಎಂದಿದ್ದೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಅದೇ ದಿನಗಳಲ್ಲಿ ನನಗೆ ರಟ್ಟೀಹಳ್ಳಿಯ ಕಡೆಯ ಒಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ನಾನು ನೋಡಿ ಬಂದಿದ್ದೆ, ಮೆಚ್ಚಿದ್ದೆ. ಅವರ ಮನೆಯವರು ಹೇಳಿ ಕಳಿಸಿದ್ದರು: ಹುಡುಗನ ಅಕ್ಕ ಗಂಡನ ಮನೆ ಬಿಟ್ಟು ಬಂದಿದ್ದಾಳಂತೆ, ಅದೊಂದು ದಡ ಸೇರಲಿ, ಆಮೇಲೆ ಮಾತಾಡೋಣ. ಇದನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ.

ತೀರ್ಮಾನ ಯಾವ ಕಡೆಗಾದರೂ ಆಗಲಿ ಅಂತ ಅವ್ವ ಅಕ್ಕನ ಟ್ರಂಕನ್ನೂ ಹಾನಗಲ್ಲಿಗೆ ತಂದಿದ್ದಳು. ಅಲ್ಲಿ ಐದು ಜನ ಹಿರಿಯರು ಜಮಖಾನೆಯ ಮೇಲೆ ಕೂತರು. ಅಕ್ಕನ ಗಂಡ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು, ಒಗೆದ ಧೋತರ, ಬಿಳಿ ಅಂಗಿ. ಅಕ್ಕ ಒಳಮನೆಯ ಬಾಗಿಲ ಹತ್ತಿರ ನಿಂತು ಎಲೆಯ ಮಾತು ಹೇಳಿದಳು. ನಾನು ಎರಡು ವಾರ ಒದ್ದಾಡಿ ಎರಡು ಹಾಳೆಯಲ್ಲಿ ಹೇಳಲಾರದ್ದನ್ನು ಅವಳು ಒಂದೇ ಸಾಲಿನಲ್ಲಿ ಹೇಳಿದಳು. ಒಬ್ಬ ಹಿರಿಯರ ಕೈಯಲ್ಲಿದ್ದ ಅಡಕೊತ್ತು ಅಡಿಕೆಯ ಮೇಲೆ ಹಾಗೇ ನಿಂತಿತು. ಯಾವ ಡಿಕ್ಷನರಿಯೂ ಬೇಕಾಗಲಿಲ್ಲ ಎಂದು ನನಗೆ ಸಂತೋಷವಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಇದ ಸಣ್ಣ ಮಾತಲ್ಲ," ಎಂದರು ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು. "ಖರೆ ಏನೋ?"

ಅಕ್ಕನ ಗಂಡ ನೆಲ ನೋಡುತ್ತಾ, "ಖರೆರಿ," ಎಂದರು. ಯಾಕೆ ಎಂದು ಮೂರು ಸಲ ಕೇಳಿದರೂ ಬಾಯಿ ಬಿಡಲಿಲ್ಲ.

ಹಿರಿಯರು ತಮ್ಮತಮ್ಮಲ್ಲೇ ಬಹಳ ಹೊತ್ತು ಮಾತಾಡಿದರು. ಆಮೇಲೆ ಆ ಮುದುಕರು ಹೇಳಿದರು: "ಆದದ್ದು ಆತು. ಎಲಿ ತರ್ರಿ. ಹುಡುಗಿ ಎಲ್ಲಾರ ಮುಂದ ಮಡಚಿ ಕೊಡ್ಲಿ. ನೀ ತಗೊಂಡು ಬಾಯಾಗ ಹಾಕ್ಕೋ. ತಿಂದ್ರ ಮಾತು ಇಲ್ಲಿಗೆ ತೀರ್ತು, ಅಕಿ ನಿನ್ನ ಹಿಂದ ಬರ್ತಾಳ. ಉಗುಳಿದ್ರ ಅಕಿ ತವರಿನಾಕಿ, ನಾವ ಬಿಡಿಸಿ ಕೊಡ್ತೇವಿ."

ಅಕ್ಕ ಕೂತು ಮಡಿಚಿದಳು. ಲವಂಗ ಚುಚ್ಚಿ ಕೈ ಚಾಚಿದಳು. ಅವರು ಸ್ವಲ್ಪ ತಡೆದು ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡರು. ಎಡಗಲ್ಲ ಉಬ್ಬಿತು. ಅವ್ವ ಒಳಗೆ ಗೊಳೋ ಅಂತ ಅತ್ತಳು. ಅಪ್ಪ ಎರಡೂ ಕೈ ಜೋಡಿಸಿ ಹಿರಿಯರ ಕಾಲಿಗೆ ಬಾಗಿದ. ಏಳು ವರ್ಷದ ಗಂಟು ಏಳು ನಿಮಿಷದಲ್ಲಿ ಬಿಚ್ಚಿತಲ್ಲ ಅಂತ ನಾನೂ ನಂಬಿದೆ.

ಬಸ್ಸಿನ ನಿಲ್ದಾಣಕ್ಕೆ ಟ್ರಂಕು ಸಾಗಿಸಲು ಚಕ್ಕಡಿ ನೋಡೋಣವೆಂದು ಹಿತ್ತಿಲ ಬಾಗಿಲಿಂದ ಹೊರಗೆ ಹೋದೆ. ಚಕ್ಕಡಿಯ ಆಚೆ ಅಕ್ಕನ ಗಂಡ ಬಾಗಿ ನಿಂತಿದ್ದರು. ನೆಲದ ಮೇಲೆ ಎಲೆ ಬಿದ್ದಿತ್ತು. ಜಗಿದಿರಲಿಲ್ಲ. ಮಡಿಚಿದ್ದು ಮಡಿಚಿದ ಹಾಗೇ ಹಸಿರಾಗಿತ್ತು, ಲವಂಗ ಕೂಡ ಕಳಚಿರಲಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಬಹಳ ದಣಿದವರ ಮುಖ. ಬಾಯಿ ಒರೆಸಿಕೊಂಡು ಕೇಳಿದರು:

"ಬಸ್ಸು ಎಷ್ಟಕ್ಕ ಐತ್ರಿ, ಮಾಸ್ತರ?"

ನಾನು ಹೇಳಿದೆ, "ಮೂರಕ್ಕ ಐತ್ರಿ."

ಇಷ್ಟೇ ನಾನು ಆಡಿದ ಮಾತು. ಹತ್ತು ಹೆಜ್ಜೆಯ ಆಚೆ ಐದು ಜನ ಹಿರಿಯರು ಕೂತಿದ್ದರು. ಅವರನ್ನು ಕರೆದು ಆ ಎಲೆ ತೋರಿಸಿದ್ದರೆ ಸಾಕಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತೆ. ಅಪ್ಪನ ಮುಖ ಕಣ್ಣ ಮುಂದೆ ಬಂತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಪ್ಪನ ಮುಖವೂ ಬಂತು, ಸುಳ್ಳಲ್ಲ. ಆದರೆ ಮೊದಲು ಬಂದದ್ದು ರಟ್ಟೀಹಳ್ಳಿಯ ಹುಡುಗಿಯ ಮುಖ. ಚಪ್ಪಲಿಯ ತುದಿಯಿಂದ ಆ ಎಲೆಯ ಮೇಲೆ ಮಣ್ಣು ದೂಡಿದೆ. ಒಳಗೆ ಹೋಗಿ, ಟ್ರಂಕಿನ ಮೇಲೆ ಕೂತಿದ್ದ ಅಕ್ಕನಿಗೆ ಹೊತ್ತಾಯಿತು ಏಳು ಎಂದೆ. ಅವಳು ಏಳಲು ತಡಮಾಡಿದಳು. ಇನ್ನೊಮ್ಮೆ ಹೇಳಿದೆ, ಸ್ವಲ್ಪ ಗದರಿಸಿಯೇ.

ಆ ವರ್ಷ ನನ್ನ ಮದುವೆಯಾಯಿತು. ರಟ್ಟೀಹಳ್ಳಿಯವಳು ಒಳ್ಳೆಯವಳು, ಅವಳದೇನೂ ತಪ್ಪಿಲ್ಲ. ಮುಂದೆ ಮ್ಯಾಟ್ರಿಕ್ ವರ್ಗಕ್ಕೆ ಅದೇ ಕ್ರಿಯಾಪದಗಳು ಬಂದಾಗ ನನ್ನ ಬಾಯಿ ತಡವರಿಸತೊಡಗಿತು. ಹಾರ್ಮ್ ಎಲ್ಲಿ ಮುಗಿಯುತ್ತದೆ, ಹರ್ಟ್ ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ ಬೋರ್ಡಿಗೆ ತಿರುಗಿ ನಿಲ್ಲುತ್ತಿದ್ದೆ. ಒಂದು ದಿನ ರಾಂಗ್ ಎಂಬ ಶಬ್ದವೂ ಕ್ರಿಯಾಪದವಾಗುತ್ತದೆ ಎಂದು ಡಿಕ್ಷನರಿಯಲ್ಲಿ ಕಂಡಿತು. ಅಲ್ಲಿಯವರೆಗೆ ಅದು ತಪ್ಪು ಉತ್ತರದ ಪಕ್ಕ ಕೆಂಪು ಶಾಯಿಯಲ್ಲಿ ಬರೆಯುವ ಮಾತು ಅಂತಷ್ಟೇ ತಿಳಿದಿದ್ದೆ. ಒಬ್ಬರಿಗೆ ಸಲ್ಲಬೇಕಾದ್ದನ್ನು ಸಲ್ಲಿಸದೆ ಅನ್ಯಾಯ ಮಾಡುವುದಕ್ಕೂ ಅದೇ ಮಾತಂತೆ. ಇದು ಅಕ್ಕನ ಗಂಡನಿಗೆ ಹೊಂದುತ್ತದೆಯೋ ನನಗೆ ಹೊಂದುತ್ತದೆಯೋ ಎಂದು ಅಂದು ಪಾಠ ಬಿಟ್ಟು ಯೋಚಿಸುತ್ತಾ ಕೂತೆ. ಅವರು ಎಲೆ ತೆಗೆದುಕೊಳ್ಳಲಿಲ್ಲ. ನಾನು ಬಸ್ಸಿನ ವೇಳೆ ಹೇಳಿದೆ. ಇಬ್ಬರೂ ಏನೂ ಮಾಡಿದವರಲ್ಲ. ಎರಡೂ ಒಂದೇ ಅನ್ನಿಸುತ್ತಿತ್ತು, ಮರುಗಳಿಗೆಗೆ ಎರಡೂ ಬೇರೆ ಅನ್ನಿಸುತ್ತಿತ್ತು.

ಅಕ್ಕ ಪ್ರತಿ ಪಂಚಮಿಗೆ ಬರುತ್ತಿದ್ದಳು. ಉಂಡಿ ಕಟ್ಟುತ್ತಿದ್ದಳು, ನನ್ನ ಮಕ್ಕಳನ್ನು ಜೋಕಾಲಿಯಲ್ಲಿ ತೂಗುತ್ತಿದ್ದಳು. ಹಿರೇಕೆರೂರಿನ ಮಾತು ತೆಗೆಯುತ್ತಿರಲಿಲ್ಲ. ಅರವತ್ತರ ದಶಕ ಮುಗಿಯುತ್ತಾ ಬಂದ ಒಂದು ಪಂಚಮಿಯ ಮಧ್ಯಾಹ್ನ ನಾವಿಬ್ಬರೇ ಕಟ್ಟೆಯ ಮೇಲೆ ಕೂತಿದ್ದೆವು. ಆ ವರ್ಷ ಅವಳ ಅತ್ತೆ ತೀರಿಕೊಂಡಿದ್ದಳು. ಈಗ ಹೆಂಗ ನಡೀತೈತಿ ಎಂದು ಕೇಳಿದೆ, ಕೇಳಬೇಕಲ್ಲ ಅಂತ.

"ಮದಲು ಅವರವ್ವಗ ಹೇಳ್ತಿದ್ರು," ಅಂದಳು. "ಈಗ ಗ್ವಾಡಿ ನೋಡಿ ಹೇಳ್ತಾರ."

ನನಗೆ ತಡೆಯಲಾಗಲಿಲ್ಲ. ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಕ್ಕಿಬಿಡಬೇಕು ಅನ್ನಿಸಿತು. "ಅಕ್ಕಾ, ಅವತ್ತ ಹಾನಗಲ್ಲಾಗ..." ಎಂದು ಶುರು ಮಾಡಿದೆ.

"ನನಗ ಗೊತ್ತೈತಿ," ಎಂದಳು. "ಹಿತ್ತಲ ಕಿಟಕ್ಯಾಗ ನಾ ನಿಂತಿದ್ದೆ. ಅವ್ರು ಉಗುಳಿದ್ದು ಕಂಡೆ. ನೀ ಕಂಡದ್ದೂ ಕಂಡೆ. ನಾ ಹೇಳಿದ್ರ ಮನಿಗೆ ಹೋಗಾಕ ಒಲ್ಲದಾಕಿ ಕಥಿ ಕಟ್ಯಾಳ ಅಂತಿದ್ರು. ನೀ ಹೇಳಿದ್ರ ಹಿರೇರು ಕೇಳ್ತಿದ್ರು. ಬಂದು ಹೇಳ್ತಾನ ನನ್ನ ತಮ್ಮ, ಅಂತ ಟ್ರಂಕಿನ ಮ್ಯಾಲ ಬಂದು ಕುಂತೆ."

ನಾನು ತಲೆಯೆತ್ತಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ದನಿಯಲ್ಲಿ ಸಿಟ್ಟಿನ ಸುಳಿವೂ ಇಲ್ಲದೆ, ಬಹಳ ದಿನದಿಂದ ತಿಳಿದಿದ್ದನ್ನು ಹೇಳುವಂತೆ ಹೇಳಿದಳು:

"ಅವ್ರದು ಏನೂ ಅನಸಂಗಿಲ್ಲ ಈಗ. ಅವ್ರು ಪರರು, ತಮ್ಮಾ."

ಒಳಗಿನಿಂದ ನನ್ನ ಹೆಂಡತಿ ಊಟಕ್ಕೆ ಕರೆದಳು. ಅಕ್ಕ ಎದ್ದು ಒಳಗೆ ಹೋದಳು. ಅವಳ ಪಕ್ಕದಲ್ಲಿ ಕೂತು ಉಣ್ಣುವ ಧೈರ್ಯ ನನಗೆ ಅಂದು ಬರಲಿಲ್ಲ.